ನೇಮತಳ ಮೂಗು, ನೇಮತಳ ಗಂಟಲು

ನನ್ನ ವಾರಗಿತ್ತಿ ನೇಮತ್ ಹನ್ನೊಂದು ವರ್ಷ ಮೂಗಿನಿಂದ ಸರಿಯಾಗಿ ಉಸಿರಾಡಲಿಲ್ಲ. ದುಮ್ಯಾತ್ ಪಟ್ಟಣದ ನಮ್ಮ ಓಣಿಯಲ್ಲಿ ಇದನ್ನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿ ಪ್ರತಿ ಮನೆಯ ಕೆಳಗೂ ಮಂಚ, ಸೋಫಾ, ಕಪಾಟು ಮಾಡುವ ಒಂದು ಕಾರ್ಖಾನೆ ಇದೆ. ಪ್ರತಿ ಮನೆಯ ಮೇಲೆ ಸೀನುವ ಒಬ್ಬ ಹೆಂಗಸಿದ್ದಾಳೆ. ಸೀನುವುದನ್ನು ನಾವು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಳಿಗ್ಗೆ ಎದ್ದರೆ ಅವಳ ಕೈ ತಲೆವಸ್ತ್ರಕ್ಕಿಂತ ಮೊದಲು ದಿಂಬಿನ ಕೆಳಗಿದ್ದ ಮೂಗಿನ ಹನಿಯ ಸೀಸೆಯನ್ನು ತಡಕುತ್ತಿತ್ತು. ತಲೆ ಹಿಂದಕ್ಕೆ ಚೆಲ್ಲಿ ಎರಡೆರಡು ಹನಿ ಬಿಟ್ಟುಕೊಂಡರೆ ಎರಡು ಮೂರು ಗಂಟೆಯಷ್ಟು ಗಾಳಿ. ಆಮೇಲೆ ಮತ್ತೆ ಗೋಡೆ ಎದ್ದಂತೆ ಮೂಗು ಮುಚ್ಚಿಕೊಳ್ಳುತ್ತಿತ್ತು. ಒಂದು ಸೀಸೆ ಅಂಗಿಯ ಎದೆಯೊಳಗೆ, ಇನ್ನೊಂದು ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿಯ ಹಿಂದೆ. ಮೊದಲು ವಾರಕ್ಕೊಂದು ಸೀಸೆ ಸಾಕಾಗುತ್ತಿದ್ದದ್ದು ಕೊನೆಕೊನೆಗೆ ಎರಡು ದಿನಕ್ಕೊಂದು ಬೇಕಾಯಿತು. ಗಂಟಲಿನ ಪಾಡು ಬೇರೆ. ಯಾರೋ ತಲೆವಸ್ತ್ರದ ಗಂಟನ್ನು ಒಳಗಡೆಯಿಂದ ಬಿಗಿಯುತ್ತಿದ್ದಾರೆ ಅನ್ನುತ್ತಿದ್ದಳು. ಮಾತಿನ ನಡುವೆ ಉಗುಳು ನುಂಗಲು ನಿಲ್ಲುತ್ತಿದ್ದಳು. ಒಂದು ಕೈ ಯಾವಾಗಲೂ ಕುತ್ತಿಗೆಯ ಗುಳಿಯ ಹತ್ತಿರ ಇರುತ್ತಿತ್ತು. ಮಾತೆಲ್ಲ ಮೂಗಿನಲ್ಲಿ. ಮನೆಯ ಮಕ್ಕಳು ಅವಳ ಹಾಗೆ ಮಾತಾಡಿ ತೋರಿಸಿ ನಗುತ್ತಿದ್ದರು. ಹೆಚ್ಚು ಚೆನ್ನಾಗಿ ಮಾಡಿ ತೋರಿಸುತ್ತಿದ್ದವರು ನನ್ನ ಮಕ್ಕಳೇ.

ಅವಳು ಹುಟ್ಟಿದ್ದು ಮಂಜಲಾ ಸರೋವರದ ದಂಡೆಯ ಮೀನುಗಾರರ ಹಳ್ಳಿಯಲ್ಲಿ. ಹತ್ತೊಂಬತ್ತಕ್ಕೆ ಈ ಮನೆಗೆ ಬಂದಳು. ಆಗ ಆ ಮೂಗಿಗೆ ಹೆಸರಿತ್ತು. ಬುಟ್ಟಿ ಮುಚ್ಚಿದ್ದರೂ ಬೂರಿ ಮೀನು ಇವತ್ತಿನದೋ ನಿನ್ನೆಯದೋ ಹೇಳುತ್ತಿದ್ದಳು. ರಮದಾನಿನಲ್ಲಿ ನಾಲಗೆಗೆ ಏನೂ ತಾಗಿಸುವಂತಿಲ್ಲವಲ್ಲ, ಪಾತ್ರೆಯ ಮುಚ್ಚಳ ಸರಿಸಿ ಆವಿ ಮೂಸಿ ಉಪ್ಪು ಸಾಲದು, ಸಾಕು ಅನ್ನುತ್ತಿದ್ದಳು. ತಪ್ಪುತ್ತಿರಲಿಲ್ಲ. ನಮ್ಮತ್ತೆ ಹಾಜ್ಜಾ ಸತೀತಾ ನೆಂಟರ ಮುಂದೆಲ್ಲ, "ನಮ್ಮ ಸೊಸೆ ಮೂಗಿಂದ ಅಡುಗೆ ಮಾಡ್ತಾಳೆ" ಎಂದು ಹೇಳಿಕೊಳ್ಳುತ್ತಿದ್ದರು. ನಾನು ಶಾಲೆಯ ಟೀಚರು. ಎರಡನೆಯ ಸೊಸೆಯಾಗಿ ಬಂದ ನನ್ನ ಅಡುಗೆಯ ಬಗ್ಗೆ ಅವರು ಯಾರ ಮುಂದೆಯೂ ಏನೂ ಹೇಳುತ್ತಿರಲಿಲ್ಲ. ನನಗೆ ಅದೇ ಅನುಕೂಲವಾಯಿತು.

ನೇಮತಳ ಗಂಡ, ನನ್ನ ಭಾವ ಬದೀರ್, ಪಾಲಿಶ್ ಕೆಲಸದ ಉಸ್ತಾದ. ನನ್ನ ಗಂಡ ಅವದ್ ಅವನ ಜೊತೆಗಾರ. ಮೊದಲೆಲ್ಲ ಅರಗು, ಸ್ಪಿರಿಟು, ಹತ್ತಿಯ ಉಂಡೆ ಹಿಡಿದು ಕೈಯಲ್ಲೇ ಉಜ್ಜುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಕಂಪ್ರೆಸರೂ ಸ್ಪ್ರೇ ಗನ್ನೂ ಬಂದವು. ನೆಲಮಹಡಿಯ ಮೂಲೆಯ ಕೋಣೆಯಲ್ಲಿ ಸ್ಪ್ರೇ ಮಾಡುತ್ತಾರೆ; ಅದರ ಮಬ್ಬನ್ನೆಲ್ಲ ಹೊರಗೆ ಎಳೆದು ಬಿಡಲು ಗೋಡೆಗೆ ದೊಡ್ಡ ಫ್ಯಾನ್ ಕೂರಿಸಿದರು. ಮನೆಗಳ ನಡುವೆ ಬಾವಿಯ ಹಾಗೆ ಮೇಲಕ್ಕೆ ಹೋಗುವ ಇಕ್ಕಟ್ಟಾದ ಖಾಲಿ ಜಾಗಕ್ಕೆ ನಾವು ಮನ್ವರ್ ಅನ್ನುತ್ತೇವೆ. ಬಚ್ಚಲು, ಅಡುಗೆಮನೆಗಳ ಕಿಟಕಿಗಳೆಲ್ಲ ಅದಕ್ಕೇ ತೆರೆದುಕೊಳ್ಳುವುದು. ಫ್ಯಾನಿನ ಬೆನ್ನು ಆ ಮನ್ವರಿಗೆ. ಫ್ಯಾನಿನ ಮೇಲೆ ಮೂರು ಮೊಳದಲ್ಲಿ ಮೊದಲ ಮಹಡಿಯ ಅಡುಗೆಮನೆಯ ಕಿಟಕಿ. ಅದರ ಮುಂದೆ ಒಲೆ. ಒಲೆಯ ಮುಂದೆ ನೇಮತ್.

ಫ್ಯಾನನ್ನು ಬೀದಿ ಕಡೆಗೂ ಕೂರಿಸಬಹುದಿತ್ತು. ಆ ಗೋಡೆಯಲ್ಲಿ ಕಿಂಡಿಯೂ ಇತ್ತು. ಆದರೆ ಆ ಕಡೆ ಕಾಫಿ ಅಂಗಡಿ, ಬಂದು ಹೋಗುವ ಗಿರಾಕಿಗಳು.

ಎರಡನೆಯ ಮಹಡಿಯಲ್ಲಿ ನಾನು ನನ್ನ ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹೊಡೆಸಿ ಕೂತೆ. ನನಗದು ಸಾಧ್ಯವಾಯಿತು, ಏಕೆಂದರೆ ಹನ್ನೊಂದು ಜನರ ಊಟ ಬೇಯುತ್ತಿದ್ದದ್ದು ಕೆಳಗೆ. ಮಧ್ಯಾಹ್ನ ಒಲೆಯ ಮೇಲೆ ಏನಾದರೂ ಕುದಿಯುತ್ತಿರುವಾಗ ನೇಮತ್ ಕುರ್ಚಿ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಳು. ಪಾಲಿಶ್ ಹತ್ತುವ ಮೊದಲು ಮರ ನುಣ್ಣಗಾಗಬೇಕು. ಕೆಳಗೆ ಅದೇ ಕೆಲಸಕ್ಕೆ ಕೂಲಿಯ ಆಳುಗಳಿದ್ದರು. ಮೇಲೆ ಅದಕ್ಕೆ "ಸ್ವಲ್ಪ ಕೈಯಾಡಿಸು" ಅನ್ನುವ ಹೆಸರು.

ಹೋದ ರಮದಾನಿನ ಮೂರನೆಯ ದಿನ ಬೆಂಡೆಕಾಯಿ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಸಂಜೆಯ ಅಜಾನ್ ಆಗಿ ಖರ್ಜೂರ ತಿಂದು ಎಲ್ಲರೂ ತಟ್ಟೆಗೆ ಕೈ ಹಾಕಿದ್ದೆವು. ಬದೀರ್ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳಿದ.

"ಇದೇನು, ಸಮುದ್ರದ ನೀರಲ್ಲಿ ಬೇಯಿಸಿದ್ಯಾ?"

"ಆವೀಲಿ ಏನೂ ಗೊತ್ತಾಗ್ಲಿಲ್ಲ" ಎಂದಳು ನೇಮತ್. "ಮೂಗು ಕಟ್ಟಿತ್ತು."

"ನಿನ್ನ ಮೂಗು ಯಾವಾಗ ಕಟ್ಟಿರಲ್ಲ? ಬೆಳಗಿಂದ ಹಸ್ಕೊಂಡು ಥಿನ್ನರ್ ಕುಡೀತಾ ನಿಂತಿರೋನಿಗೆ ಒಂದು ಹೊತ್ತು ಸರಿಯಾದ ಊಟ ಬೇಡ್ವಾ?"

ಹಾಜ್ಜಾ ರಾಜಿ ಮಾಡಿಸುವ ದನಿಯಲ್ಲಿ ಹೇಳಿದರು: "ನಾಲಗೆ ತುದಿಗೆ ಮುಟ್ಟಿಸಿ ಉಗಿದ್ರಾಯ್ತಲ್ಲೇ. ಗಂಡ ಮುಂಗೋಪಿಯಾಗಿದ್ರೆ ಹೆಂಡತಿ ಉಪವಾಸದಲ್ಲೂ ರುಚಿ ನೋಡ್ಬಹುದು ಅಂತ ದೊಡ್ಡ ದೊಡ್ಡ ಆಲಿಮರೇ ಹೇಳಿದಾರೆ. ಅಷ್ಟು ರಿಯಾಯಿತಿ ಇದೆ."

ಎಲ್ಲರೂ ನಕ್ಕರು. ತನ್ನನ್ನು ಹೊಗಳಿದಂತೆ ಬದೀರನೂ ನಕ್ಕ. ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಮಾತು ಅಲ್ಲಿಗೆ ಮುಗಿಯಬಹುದಿತ್ತು.

"ಅವನ ಕೋಪಕ್ಕೆ ರಿಯಾಯಿತಿ ಇದೆ" ಎಂದಳು ನೇಮತ್. "ನನ್ನ ಉಸಿರಿಗೆ ಇದೆಯಾ, ಹಾಜ್ಜಾ?"

"ಉಸಿರಿಗೆ ಏನಾಯ್ತು?"

ಅವಳು ಎದೆಯೊಳಗಿನಿಂದ ಸೀಸೆ ತೆಗೆದು ಉಪ್ಪಾದ ಸಾರಿನ ಪಕ್ಕ ಇಟ್ಟಳು. "ಮಧ್ಯಾಹ್ನ ಇದನ್ನ ಬಿಟ್ಕೋತೀನಿ. ಕಂಪ್ರೆಸರ್ ಶುರುವಾದ ಮೇಲೆ ಬಿಟ್ಕೊಳ್ದೆ ಒಲೆ ಮುಂದೆ ನಿಲ್ಲೋಕಾಗಲ್ಲ."

"ಉಪವಾಸದಲ್ಲಾ?"

"ಉಪವಾಸದಲ್ಲೇ."

"ಎಷ್ಟು ದಿನದಿಂದ?"

"ಎಷ್ಟು ದಿನ ಅಂದ್ರೆ? ಯಾವಾಗ್ಲೂ."

ಬದೀರ್ ಊಟ ಮುಗಿಸುವವರೆಗೂ ಕಾಯಲಿಲ್ಲ. ನಮ್ಮ ಓಣಿಯ ಮಸೀದಿಯ ಶೇಖರಿಗೆ ಅಲ್ಲಿಂದಲೇ ಫೋನ್ ಮಾಡಿದ. ಅವನ ಫೋನಿನ ಸದ್ದು ಜೋರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಮೂಗಿನ ಹನಿ ಗಂಟಲಿಗಿಳಿದರೆ ಉಪವಾಸ ಮುರಿದಂತೆ ಎಂದರು ಶೇಖ್. ಆದರೆ ಆ ತಾಯಿ ಕಾಯಿಲೆಯವರು, ಅವರಿಗೆ ಪಾಪವಿಲ್ಲ, ಆ ದಿನಗಳ ಉಪವಾಸವನ್ನು ಮುಂದೆ ಕೈಲಾದಾಗ ಹಿಡಿದು ತುಂಬಿಕೊಡಲಿ, ಕೈಲಾಗದಿದ್ದರೆ ಬೇರೆ ದಾರಿ ಇದೆ, ಬಂದು ಕೇಳಿ ಎಂದೂ ಹೇಳಿದರು. ಬದೀರ್ ಫೋನ್ ಕೆಳಗಿಟ್ಟು ನಮಗೆ ತಿಳಿಸಿದ್ದು ಇಷ್ಟು: "ಮುರಿಯುತ್ತೆ ಅಂದ್ರು. ತುಂಬಿಕೊಡ್ಬೇಕು ಅಂದ್ರು."

ಪಾಪವಿಲ್ಲ ಎಂದ ಮಾತನ್ನು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಬಾಯಲ್ಲಿ ತುತ್ತಿತ್ತು.

"ಹನ್ನೊಂದು ರಮದಾನ್" ಎಂದರು ಹಾಜ್ಜಾ, ಬೆರಳು ಮಡಿಸುತ್ತ. "ಮುನ್ನೂರಕ್ಕೂ ಮೇಲಾಯ್ತಲ್ಲೇ. ಉಪವಾಸ ಇಲ್ಲದ ಕೈಯಿಂದ ನಮಗೆಲ್ಲ ಬಡಿಸ್ತಿದ್ಯಲ್ಲ."

ನೇಮತ್ ಎದ್ದು ಸೀಸೆಯನ್ನೂ ಸಾರಿನ ಪಾತ್ರೆಯನ್ನೂ ಒಟ್ಟಿಗೇ ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಬಿಟ್ಟು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಮೂಗಿನೊಳಗೆ ದೀಪ ಹಾಯಿಸಿ ನೋಡಿದಳು, ಸಪೂರ ನಳಿಗೆ ಇಳಿಸಿ ಗಂಟಲೂ ನೋಡಿದಳು.

"ಏನ್ ಕೆಲಸ ಮಾಡ್ತೀರಮ್ಮ?"

"ಏನೂ ಇಲ್ಲ. ಮನೇಲಿರ್ತೀನಿ."

ಡಾಕ್ಟರು ಅವಳ ಕೈ ತಿರುಗಿಸಿ ನೋಡಿದಳು. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ, ಸವೆದು ನುಣ್ಣಗಾಗಿದ್ದವು. "ಮತ್ತೆ ಇದು?"

"ಅದು ಉಪ್ಪುಕಾಗದ. ಕುರ್ಚಿ ಕಾಲು."

ಆಮೇಲೆ ಫ್ಯಾನಿನ ವಿಚಾರ, ಕಿಟಕಿಯ ವಿಚಾರ ಒಂದೊಂದಾಗಿ ಹೊರಗೆ ಬಂತು. ಡಾಕ್ಟರು ಎದೆಯ ಸೀಸೆಯನ್ನು ಕೇಳಿ ಪಡೆದು ಕಸದ ಬುಟ್ಟಿಗೆ ಹಾಕಿದಳು. ಇಂಥ ಹನಿಯನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಿಟ್ಟುಕೊಂಡರೆ ಅದೇ ಮೂಗನ್ನು ಕಟ್ಟಿಸುತ್ತದಂತೆ. ಮೊದಲು ಕಟ್ಟಿಸಿದ್ದು ಥಿನ್ನರಿನ ಆವಿ, ಆಮೇಲೆ ಔಷಧಿ ತಾನೇ ಕಾಯಿಲೆಯಾಗಿ ಕೂತಿದೆ. ಹನಿ ನಿಲ್ಲಿಸಿದರೆ ಒಂದು ವಾರ ನರಕ, ಆಮೇಲೆ ತೆರೆದುಕೊಳ್ಳುತ್ತದೆ ಎಂದಳು. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ದಿನಕ್ಕೆರಡು ಸಲ ಮೂಗು ತೊಳೆಯಬೇಕು, ಬೇರೆ ಒಂದು ಔಷಧಿಯನ್ನು ಬೆಳಿಗ್ಗೆ ಹೊಡೆದುಕೊಳ್ಳಬೇಕು, ತಲೆದಿಂಬು ಎತ್ತರವಾಗಿರಬೇಕು. ಗಂಟಲಲ್ಲಿ ಗಂಟಿಲ್ಲ, ಊತವಿದೆ. ಬಾಯಲ್ಲಿ ಉಸಿರಾಡಿ ಒಣಗಿದೆ, ಬಿಗಿ ಬಂದಾಗ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ರಮದಾನ್ ಎಂದು ನೆನಪಾಗಿ, "ಸಂಜೆ ಮೇಲೆ" ಎಂದು ಸೇರಿಸಿದಳು.

"ಇದೆಲ್ಲಕ್ಕಿಂತ ಮೊದಲು ಆ ಫ್ಯಾನ್ ತಿರುಗಿಸಿ. ಬರೆದು ಕೊಡ್ಲಾ?"

"ಬರೆದು ಕೊಡಿ" ಎಂದಳು ನೇಮತ್. "ನಾನು ಹೇಳಿದ್ರೆ ಮೂಗಲ್ಲಿ ಹೇಳ್ದಂಗಿರುತ್ತೆ."

ಚೀಟಿಯನ್ನು ಬದೀರ್ ನಿಧಾನವಾಗಿ ಓದಿದ. "ಗಂಟಲಲ್ಲಿ ಗಂಟಿಲ್ಲ ಅಂತ ಬರೆದಿದಾಳೆ. ಅಲ್ಹಮ್ದುಲಿಲ್ಲಾ."

"ಕೆಳಗಿನ ಸಾಲು ಓದು."

"ಓದಿದೆ. ಡಾಕ್ಟರ್ ಆದವಳು ಮೂಗು ನೋಡ್ಬೇಕು. ಫ್ಯಾನ್ ನೋಡೋಕೆ ಎಲೆಕ್ಟ್ರಿಷಿಯನ್ ಇದಾನೆ."

"ಹಾಗಾದ್ರೆ ಎಲೆಕ್ಟ್ರಿಷಿಯನ್ನ ಕರಿ."

"ನೋಡು ಉಮ್ಮು ಶೌಕಿ" ಎಂದ ಬದೀರ್. ಹಿರಿಯ ಮಗ ಶೌಕಿಯ ತಾಯಿ ಎಂದು ಮನೆಯ ಗಂಡಸರು ಅವಳನ್ನು ಕರೆಯುವುದೇ ಹಾಗೆ. "ಹಬ್ಬಕ್ಕೆ ಮುಂಚೆ ಒಂಬತ್ತು ಮದುಮಕ್ಕಳ ಕೋಣೆ ಸಾಮಾನು ಕಳಿಸ್ಬೇಕು. ಈಗ ಬೀದಿ ಕಡೆ ಬಿಟ್ರೆ ಕಾಫಿ ಅಂಗಡಿಯವನು ಜಗಳಕ್ಕೆ ಬರ್ತಾನೆ. ಗಿರಾಕಿ ಏನು ಬಾಗಿಲಲ್ಲಿ ಮೂಗು ಮುಚ್ಕೊಂಡು ನಿಲ್ತಾನಾ? ಹಬ್ಬ ಮುಗೀಲಿ."

"ಗಿರಾಕಿಗೆ ಮೂಗಿದೆ" ಎಂದಳು ಅವಳು, ಅಷ್ಟೇ.

ಹನಿ ನಿಲ್ಲಿಸಿದ ಮೊದಲ ಆರು ದಿನ ಅವಳನ್ನು ನೋಡುವುದು ಕಷ್ಟವಾಗಿತ್ತು. ಬಾಯಿ ತೆರೆದೇ ಇರುತ್ತಿತ್ತು, ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಅಡುಗೆ ಮಾತ್ರ ಅಜಾನಿಗೆ ಸರಿಯಾಗಿ ಮೇಜಿಗೆ ಬರುತ್ತಿತ್ತು. ಉಪ್ಪನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದಳು. ನಾಲಗೆಗೆ ಮುಟ್ಟಿಸಿ ಉಗಿಯಲಿಲ್ಲ. ಆ ರಿಯಾಯಿತಿ ನನಗೆ ಬೇಡ ಎಂದಳು.

ಏಳನೆಯ ದಿನ ನಾನು ಶಾಲೆಯಿಂದ ಬರುವಾಗ ಅವಳು ಎರಡನೆಯ ಮಹಡಿಯ ಮೆಟ್ಟಿಲ ಮೇಲೆ, ನನ್ನ ಬಾಗಿಲ ಮುಂದೆ ಕೂತಿದ್ದಳು. ಮೂಗಿನ ಬಲ ಹೊಳ್ಳೆ ತೆರೆದಿತ್ತು.

"ಅಬ್ಲಾ" ಎಂದಳು. ನಾನು ಟೀಚರಾದ್ದರಿಂದ ಮನೆಯವರೂ ನನ್ನನ್ನು ಹಾಗೇ ಕರೆಯುವುದು. "ಇಷ್ಟೊಂದಿತ್ತಾ?"

"ಏನು?"

"ಈ ವಾಸನೆ. ಇದರೊಳಗಾ ನಾನು ಇಷ್ಟು ದಿನ ನಿಂತಿದ್ದು?"

ನಾನು ಬೀಗದ ಕೈ ಹುಡುಕುವ ನೆಪದಲ್ಲಿ ಚೀಲದೊಳಗೆ ಕಣ್ಣಿಟ್ಟೆ.

"ನಿಮಗೆಲ್ಲ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು" ಎಂದೆ. ಆ ಮನೆಯಲ್ಲಿ ಮೂಗು ಕೆಲಸ ಮಾಡದಿದ್ದದ್ದು ಅವಳೊಬ್ಬಳದೇ.

ಮರುದಿನ ಬೆಳಿಗ್ಗೆ ಗ್ಯಾಸಿನವನು ಸಿಲಿಂಡರಿಗೆ ಸ್ಪ್ಯಾನರ್ ಬಡಿಯುತ್ತ ಓಣಿಗೆ ಬಂದಾಗ ನೇಮತ್ ಕಿಟಕಿಯಿಂದ ಕೂಗಿ ಕರೆದಳು. ಸಿಲಿಂಡರನ್ನು ಅಡುಗೆಮನೆಗಲ್ಲ, ಸೀದಾ ಮಾಳಿಗೆಗೆ ಹೊರಿಸಿದಳು. ಪಾರಿವಾಳದ ಗೂಡಿಗೂ ನೀರಿನ ಟ್ಯಾಂಕಿಗೂ ನಡುವೆ ಗಾಳಿ ತಡೆಯಲು ಹಳೆಯ ಕಪಾಟಿನ ಎರಡು ಹಲಗೆ ನಿಲ್ಲಿಸಿ ಒಲೆ ಹೂಡಿದಳು. ಅಮ್ಶೀರ್ ತಿಂಗಳು, ಬಿರುಗಾಳಿಯ ಕಾಲ. ಬೆಂಕಿ ಮೂರು ಸಲ ಆರಿತು. ನಾಲ್ಕನೆಯ ಸಲ ನಿಂತಿತು.

ಸಂಜೆ ನಾವೆಲ್ಲ ಬಂದು ಕೂತರೆ ಮೇಜು ಬರಿದು. ಮನ್ವರಿನೊಳಗಿಂದ ಅವಳ ದನಿ ಇಳಿಯಿತು.

"ಅಡುಗೆ ಆಗಿದೆ. ತಿನ್ನೋರು ಬಂದು ತಗೊಂಡು ಹೋಗಿ."

ಅವಳ ಮಗಳು ವಫಾ, ಹದಿನೈದರವಳು, ಪುಸ್ತಕ ಮಡಚಿ ಏಳುವುದರೊಳಗೆ ಮೇಲಿಂದ ಇನ್ನೊಂದು ಮಾತು ಬಂತು: "ವಫಾ ಬರೋದು ಬೇಡ. ಅವಳಿಗೆ ಪರೀಕ್ಷೆ. ಕಾಲಿರೋ ಗಂಡಸರು ಬರಲಿ."

ಅಣ್ಣತಮ್ಮ ಮುಖ ಮುಖ ನೋಡಿಕೊಂಡರು. ಅಜಾನಿಗೆ ಹತ್ತು ನಿಮಿಷವಿತ್ತು. ಹಸಿವು ಅವರನ್ನು ಹತ್ತಿಸಿತು. ನಾನೂ ಹಿಂದೆಯೇ ಹೋದೆ.

"ಇದೇನು ಉಮ್ಮು ಶೌಕಿ, ಮೇಲೆ ಹೋಟೆಲ್ ತೆಗೆದ್ಯಾ?" ಎಂದ ನನ್ನ ಗಂಡ.

"ಹೋಟೆಲ್ ಆಗಿದ್ರೆ ಪಾತ್ರೆ ತೊಳೆಯೋಕೆ ಬೇರೆಯವರಿರ್ತಿದ್ರು, ಅವದ್."

ಬದೀರ್ ನಗಲಿಲ್ಲ. ಅಕ್ಕಪಕ್ಕದ ಮಾಳಿಗೆಗಳ ಕಡೆ ನೋಡಿದ. "ಬದೀರ್ ಹೆಂಡತೀನ ಮಾಳಿಗೆ ಮೇಲೆ ಎಸೆದ ಅಂತಾರೆ ಜನ."

"ನಾನೇ ಹತ್ತಿದೆ ಅಂತ ಹೇಳು."

ಅವನು ಸಾರಿನ ಪಾತ್ರೆ ಹಿಡಿದು ಇಳಿಯುವಾಗ ಕೈ ಸುಟ್ಟು ಅರ್ಧ ಸಾರು ಮೆಟ್ಟಿಲ ಮೇಲೆ ಚೆಲ್ಲಿತು. ಊಟವಾದ ಮೇಲೆ ಎರಡು ಮಹಡಿಯ ಮೆಟ್ಟಿಲು ಒರೆಸಿದ್ದು ನೇಮತ್.

ಆದರೂ ಅವಳು ಮೇಲೆ ಬೇರೆಯೇ ಹೆಂಗಸಾಗಿದ್ದಳು. ನಾಲ್ಕೈದು ದಿನದಲ್ಲಿ ಎರಡೂ ಹೊಳ್ಳೆಗಳು ತೆರೆದವು. ಗಂಟಲ ಬಿಗಿ ದಿನಕ್ಕೊಂದೆರಡು ಸಲ ಮಾತ್ರ ಬರುತ್ತಿತ್ತು. ಮಾತಿನಲ್ಲಿ ಮೂಗು ಹೋಗಿ ಅವಳದೇ ಒಂದು ದನಿ ಕೇಳಿಸಿತು. ಅದು ನಾನೆಣಿಸಿದ್ದಕ್ಕಿಂತ ತಗ್ಗಿನ ದನಿಯಾಗಿತ್ತು. ನನ್ನ ಮಕ್ಕಳಿಗೆ ಆಡಿ ತೋರಿಸಲು ಏನೂ ಉಳಿಯಲಿಲ್ಲ.

ಅಡುಗೆಮನೆ ಖಾಲಿ ಬಿದ್ದಿದೆ ಎಂದು ಮೊದಲು ಕಂಡುಕೊಂಡವನು ನನ್ನ ಗಂಡ. ಕೆಳಗೆ ಪಾಲಿಶಾದ ಕಪಾಟಿನ ಬಾಗಿಲುಗಳನ್ನು ಒಣಗಿಸಲು ಜಾಗ ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಹದಿನೆಂಟು ಬಾಗಿಲುಗಳು ಮೊದಲ ಮಹಡಿಗೆ ಬಂದು ಅಡುಗೆಮನೆಯ ಗೋಡೆಗೊರಗಿ ನಿಂತವು. ನೇಮತ್ ಉಪ್ಪಿನಕಾಯಿ ಜಾಡಿ ತರಲು ಇಳಿದು ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ.

"ನೀನೇ ಬಿಟ್ಟು ಹೋದ್ಯಲ್ಲ" ಎಂದ ಬದೀರ್. "ಹಬ್ಬದವರೆಗೆ ಅಷ್ಟೇ."

ಹಬ್ಬ ಬಂತು, ಹೋಯಿತು. ಒಂಬತ್ತು ಕೋಣೆಗಳ ಸಾಮಾನೂ ಹೋಯಿತು. ಬಾಗಿಲುಗಳು ಹೋಗಲಿಲ್ಲ, ಬೇರೆ ಬಾಗಿಲುಗಳು ಬಂದವು. ಹಬ್ಬದ ಮಾರನೆಯ ದಿನದಿಂದ ಗಂಡಸರು ಪಾತ್ರೆ ಇಳಿಸುವುದನ್ನು ನಿಲ್ಲಿಸಿದರು. ಅದು ರಮದಾನಿನ ಪುಣ್ಯದ ಕೆಲಸವಾಗಿತ್ತಂತೆ. ಅಕ್ಕಿ, ತರಕಾರಿ ಹತ್ತಿಸುವವಳೂ ಅಡುಗೆ ಇಳಿಸುವವಳೂ ನೇಮತಳೇ ಆದಳು. ಜೊತೆಗೆ ಸೋಮವಾರ, ಗುರುವಾರ ಉಪವಾಸ ಹಿಡಿದು ಹನ್ನೊಂದು ರಮದಾನುಗಳನ್ನು ತುಂಬಿಕೊಡಲು ಶುರು ಮಾಡಿದಳು. ಆ ದಿನಗಳಲ್ಲಿ ನಾವು ಹತ್ತು ಜನ ಮಧ್ಯಾಹ್ನ ಮೂರೂವರೆಗೆ ಬಿಸಿಬಿಸಿ ಉಣ್ಣುತ್ತಿದ್ದೆವು. ಶೇಖರು ಪಾಪವಿಲ್ಲ, ಕೈಲಾದರೆ ಮಾತ್ರ ಎಂದಿದ್ದರು ಎಂದು ನಾನು ಅವಳಿಗೆ ಆಗಲಾದರೂ ಹೇಳಿದೆ.

"ಗೊತ್ತು" ಎಂದಳು. "ನಾನೇ ಹೋಗಿ ಕೇಳ್ದೆ. ಆದ್ರೂ ಹಾಜ್ಜಾ ದಿನಾ ಎಣಿಸ್ತಾರಲ್ಲ."

ಡಾಕ್ಟರ ಹತ್ತಿರ ಎರಡನೆಯ ಸಲ ಹೋದಾಗ ಅವಳು ಮೂಗಿನೊಳಗೆ ನೋಡಿ ಸಂತೋಷಪಟ್ಟಳು. ಚೀಟಿಯಲ್ಲಿ ಸುಧಾರಿಸಿದೆ ಎಂದು ಬರೆದಳು. ಬದೀರ್ ಅದನ್ನೂ ನಿಧಾನವಾಗಿ ಓದಿ ಜೇಬಿನಲ್ಲಿಟ್ಟುಕೊಂಡ. "ನೋಡಿದ್ರಾ? ಫ್ಯಾನ್ ಎಲ್ಲಿತ್ತೋ ಅಲ್ಲೇ ಇದೆ. ಇವಳಿಗೆ ಗುಣ ಆಯ್ತು. ಅಂದ್ಮೇಲೆ ಫ್ಯಾನಿಂದ ಏನೂ ಆಗಿರ್ಲಿಲ್ಲ ತಾನೇ?" ಕಾಫಿ ಅಂಗಡಿಯಲ್ಲಿಯೂ ಇದನ್ನೇ ಹೇಳಿದನಂತೆ. ನಮ್ಮ ಓಣಿಯ ಗಂಡಸರಿಗೆ ಈ ಲೆಕ್ಕ ಬಹಳ ಹಿಡಿಸಿತು. ಮುಂದಿನ ವಾರ ಅವನು ಎರಡನೆಯ ಸ್ಪ್ರೇ ಗನ್ ತಂದ.

ಹಾಜ್ಜಾ ಮಲಗುವ ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆ. ಹದಿನೆಂಟು ಹಸಿ ಬಾಗಿಲುಗಳ ಉಸಿರು ಗೋಡೆಯ ಸಂದಿಯಲ್ಲಿ ಅವರ ಮಂಚದವರೆಗೂ ಬರುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ಅವರು ಹಾಸಿಗೆಯಲ್ಲಿ ಎದ್ದು ಕೂತು ಕುತ್ತಿಗೆ ಹಿಡಿದುಕೊಂಡರು.

"ಬದೀರ್, ಯಾರೋ ಗಂಟಲು ಅದುಮ್ತಿದಾರಪ್ಪ. ಮೂಗೆಲ್ಲ ಕಟ್ಟಿ ಹೋಗಿದೆ."

ಅವರ ದನಿ ಮೂಗಿನಲ್ಲಿ ಬಂತು. ಮಕ್ಕಳು ಯಾರೂ ನಗಲಿಲ್ಲ.

ಮಧ್ಯಾಹ್ನದ ನಮಾಜಿಗೆ ಮೊದಲು ಎಲೆಕ್ಟ್ರಿಷಿಯನ್ ಬಂದಿದ್ದ. ಬಾಗಿಲುಗಳನ್ನು ಕೈಗಾಡಿಯಲ್ಲಿ ಹೇರಿ ಹಿಂದಿನ ಬೀದಿಯ ಗೋದಾಮಿಗೆ ಸಾಗಿಸಿದರು. ಕಾಫಿ ಅಂಗಡಿಯವನು ಎದುರಿಗೆ ಬಂದು ನಿಂತಾಗ ಈಗ ಜಗಳವಾಗುತ್ತದೆ ಎಂದುಕೊಂಡೆ. ಅವನು ಸಂಗತಿ ಕೇಳಿ, "ಹಾಜ್ಜಾಗೆ ಬೇಗ ಗುಣವಾಗ್ಲಿ, ಉಸ್ತಾ. ನಾನು ಕುರ್ಚಿಗಳನ್ನ ಆ ಕಡೆ ಹಾಕ್ಕೋತೀನಿ ಬಿಡು" ಎಂದು ಹೋದ.

ಎಲೆಕ್ಟ್ರಿಷಿಯನ್ನಿಗೆ ಚಹಾ ತಂದು ಕೊಟ್ಟವಳು ನೇಮತ್. ಆವತ್ತು ಅವಳಿಗೆ ಉಪವಾಸ.

"ಕಷ್ಟದ ಕೆಲಸ ಆಯ್ತಾ, ಉಸ್ತಾ?"

"ಏನ್ ಕಷ್ಟ ತಾಯಿ, ನಾಲ್ಕು ಬೋಲ್ಟು, ಸ್ವಲ್ಪ ಸಿಮೆಂಟು. ಒಂದೂವರೆ ಗಂಟೆ ಆಗಿದ್ರೆ ಹೆಚ್ಚು."

ಅವಳು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು. ಹಳೆಯ ತೂತನ್ನು ಇಟ್ಟಿಗೆಯಿಟ್ಟು ಮುಚ್ಚುವುದನ್ನು ಕೊನೆಯ ಇಟ್ಟಿಗೆಯವರೆಗೂ ನೋಡಿದಳು. ಬದೀರ್ ಕೈ ಒರೆಸಿಕೊಳ್ಳುತ್ತ ಬಂದ.

"ಸಮಾಧಾನ ಆಯ್ತಾ? ತಿರುಗಿಸಿದೆ. ಒಲೆ ಕೆಳಗಿಳಿಸು ಇನ್ನು."

"ನಿನ್ನ ಅಮ್ಮನಿಗೆ ತಿರುಗಿಸ್ದೆ."

"ಯಾರಿಗಾದ್ರೇನು? ಗಾಳಿ ಇಬ್ಬರಿಗೂ ಒಂದೇ ಅಲ್ವಾ?"

ಅವಳು ಖಾಲಿ ಲೋಟವನ್ನು ತಟ್ಟೆಗಿಟ್ಟುಕೊಂಡು ಮಾಳಿಗೆ ಹತ್ತಿದಳು. ಒಲೆಯನ್ನು ಹತ್ತು ದಿನ ಇಳಿಸಲಿಲ್ಲ. ಆದರೆ ಹಠಕ್ಕೂ ಮೊಣಕಾಲು ಬೇಕು. ದಿನಕ್ಕೆ ಹದಿನಾಲ್ಕು ಸಲ ಹತ್ತಿ ಇಳಿದು ಅವಳ ಎಡ ಮೊಣಕಾಲು ಊದಿಕೊಂಡಿತು. ಹನ್ನೊಂದನೆಯ ದಿನ ತಾನೇ ಒಲೆಯನ್ನು ಹೊತ್ತು ತಂದು ಹಳೆಯ ಜಾಗದಲ್ಲಿಟ್ಟಳು. ಅಡುಗೆಮನೆಯನ್ನು ಸೋಡಾ ಹಾಕಿ ಮೂರು ಸಲ ತೊಳೆದಳು. ಈಗ ಕಿಟಕಿಯಿಂದ ಬರುವುದು ಪಕ್ಕದ ಮನೆಯ ಈರುಳ್ಳಿ ಒಗ್ಗರಣೆಯ ವಾಸನೆ, ಒಗೆದ ಬಟ್ಟೆಯ ವಾಸನೆ. ಹಾಜ್ಜಾರ ಮೂಗು ಒಂದು ವಾರದಲ್ಲಿ ಸರಿಹೋಯಿತು. ನೇಮತಳ ಮೂಗು ಕಟ್ಟಲಿಲ್ಲ. ಉಪ್ಪುನೀರಿನಲ್ಲಿ ತೊಳೆಯುವುದನ್ನು ಅವಳು ಬಿಟ್ಟಿಲ್ಲ.

ಗಂಟಲು ಮಾತ್ರ ಬಿಗಿಯುತ್ತದೆ. ಮಧ್ಯಾಹ್ನ ಎರಡಕ್ಕೆ ಕೆಳಗೆ ಕಂಪ್ರೆಸರ್ ಗುರ್ ಎಂದು ಶುರುವಾಗುತ್ತದೆ. ಮಬ್ಬೆಲ್ಲ ಬೀದಿಗೆ ಹೋಗುತ್ತದೆ, ಅಡುಗೆಮನೆಗೆ ಎಳೆಯಷ್ಟೂ ಬರುವುದಿಲ್ಲ. ನಾನೇ ನಿಂತು ಮೂಸಿ ನೋಡಿದ್ದೇನೆ. ಆದರೂ ಆ ಸದ್ದಿಗೆ ಅವಳ ಕೈ ಕುತ್ತಿಗೆಯ ಗುಳಿಗೆ ಹೋಗುತ್ತದೆ. ಮೂರನೆಯ ಸಲ ಡಾಕ್ಟರು ನಳಿಗೆ ಇಳಿಸಿ ನೋಡಿ, ಈಗ ಊತವೂ ಇಲ್ಲ ಎಂದಳು. ನೀರು ಕುಡಿಯಿರಿ, ನಿಧಾನವಾಗಿ ಮೂಗಿನಿಂದ ಉಸಿರೆಳೆದು ಬಿಡಿ, ಬಿಗಿ ಬಂದಾಗ ಆ ಜಾಗದಿಂದ ಎದ್ದು ಹೋಗಿ ಎಂದಳು. ಮನೆಯಲ್ಲಿ ಮಾತು ಹುಟ್ಟಿತು.

"ನನಗೆ ಹೋಯ್ತಲ್ಲ" ಎನ್ನುತ್ತಾರೆ ಹಾಜ್ಜಾ. "ಅದೇ ಗಾಳಿ, ಅದೇ ಮನೆ. ಇವಳಿಗ್ಯಾಕೆ ಹೋಗಲ್ಲ? ನರದ್ದು ಕಣಪ್ಪ, ಮೊದಲಿಂದ ನರದ್ದೇ."

ಚೀಟಿಯಲ್ಲೂ ಏನೂ ಇಲ್ಲ ಎಂದೇ ಇದೆ. ಬದೀರ್ ಅದನ್ನು ಮೊದಲಿನ ಚೀಟಿಯ ಜೊತೆ ಇಟ್ಟುಕೊಂಡಿದ್ದಾನೆ.

ಎರಡು ಗಂಟೆಗೆ ನೇಮತ್ ಒಲೆ ಆರಿಸುತ್ತಾಳೆ. ಪಾತ್ರೆಯಲ್ಲಿ ಅಕ್ಕಿ ಅರ್ಧ ಬೆಂದಿರಲಿ, ಎಣ್ಣೆಯಲ್ಲಿ ಮೀನು ಮಗುಚುವುದಿರಲಿ, ಆರಿಸಿ ಮಾಳಿಗೆ ಹತ್ತುತ್ತಾಳೆ. ಉಪವಾಸವಿಲ್ಲದ ದಿನ ಒಂದು ಲೋಟ ನೀರು ಒಯ್ಯುತ್ತಾಳೆ. ಸೋಮವಾರ, ಗುರುವಾರ ಬರಿಗೈ. ಅಲ್ಲಿ ಏನು ಮಾಡುತ್ತೀಯ ಎಂದು ಒಮ್ಮೆ ಕೇಳಿದೆ. "ಕೂತಿರ್ತೀನಿ ಅಬ್ಲಾ. ಇಳಿಯೋವರೆಗೆ" ಎಂದಳು. ಕೆಲವು ದಿನ ಅರ್ಧ ಗಂಟೆ, ಕೆಲವು ದಿನ ಒಂದು ಗಂಟೆ. ಶುಕ್ರವಾರ ನನಗೆ ಶಾಲೆಯಿಲ್ಲ. ಅವತ್ತು ನಾನು ಹೋಗಿ ಒಲೆ ಹಚ್ಚಿ ಪಾತ್ರೆ ನೋಡಿಕೊಳ್ಳುತ್ತೇನೆ. ಉಳಿದ ಆರು ದಿನ ಆ ಒಲೆ ಆರಿಯೇ ಇರುತ್ತದೆ. ಹಚ್ಚಲು ಬರುವ ಕೈಗಳು ಆ ಮನೆಯಲ್ಲಿ ಇಲ್ಲವೆಂದಲ್ಲ.

ಊಟ ಮೂರೂವರೆ ಬಿಟ್ಟು ನಾಲ್ಕೂವರೆಗೆ ಜಾರಿದೆ. ಬದೀರ್ ಕೆಲಸದ ನಡುವೆ ಮೇಲೆ ಬಂದು ಖಾಲಿ ಮೇಜು ನೋಡಿ, ಮನ್ವರಿನ ಕಿಟಕಿಗೆ ತಲೆ ಹಾಕಿ ಮೇಲಕ್ಕೆ ಕೂಗುತ್ತಾನೆ.

"ಉಮ್ಮು ಶೌಕಿ, ಹಸಿವಾಗ್ತಿದೆ."

ಮೇಲಿನಿಂದ ಏನೂ ಇಳಿದು ಬರುವುದಿಲ್ಲ. ಅವನು ಇನ್ನೊಮ್ಮೆ ಕೂಗುತ್ತಾನೆ. ಕೆಳಗೆ ಕಂಪ್ರೆಸರನ್ನು ಯಾರೂ ನಿಲ್ಲಿಸಿರುವುದಿಲ್ಲ.